ಭಾವನ ಡಬ್ಬಿ

ಗಿರಣಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಚಾರ್ಟಮ್ಮ ಎಂದೇ. ಯಾರು ಯಾರ ಕೈಕೆಳಗೆ ಎಂದು ತೋರಿಸುವ ದೊಡ್ಡ ಪಟವನ್ನು ಕಂಪ್ಯೂಟರಿನಲ್ಲಿ ಬರೆದು ಗೇಟಿನ ಹತ್ತಿರದ ಫಲಕಕ್ಕೆ ಅಂಟಿಸುವುದು ಹದಿನಾರು ವರ್ಷದಿಂದ ಆಕೆಯ ಕೆಲಸ. ಪಟದಲ್ಲಿ ಒಬ್ಬೊಬ್ಬರಿಗೂ ಒಂದು ಚೌಕ. ಗಿರಣಿಯವರ ಬಾಯಲ್ಲಿ ಅದು ಡಬ್ಬಿ. ಡಬ್ಬಿ ಮೇಲೆ ಹೋಯಿತು ಎಂದರೆ ಬಡ್ತಿ, ಡಬ್ಬಿ ಹಾರಿತು ಎಂದರೆ ಮನೆಗೆ ಎಂದರ್ಥ.

ಮೂರು ವರ್ಷಕ್ಕೊಮ್ಮೆ ಮಾಲೀಕರಿಗೆ ಡಬ್ಬಿ ಕದಲಿಸುವ ಹುಚ್ಚು ಹತ್ತುತ್ತಿತ್ತು. ಒಮ್ಮೆ ಕೆಲಸದ ಪ್ರಕಾರ: ನೇಯುವವರೆಲ್ಲ ಒಂದು ಕಡೆ, ಬಣ್ಣ ಹಾಕುವವರೆಲ್ಲ ಒಂದು ಕಡೆ. ಇನ್ನೊಮ್ಮೆ ಸರಕಿನ ಪ್ರಕಾರ: ಟವೆಲ್ಲಿಗೇ ಬೇರೆ ನೇಯುವವರು, ಬೇರೆ ಬಣ್ಣದವರು, ಹೊದಿಕೆಗೇ ಬೇರೆ. ಸರಕು ತಡವಾದರೆ ಹಳೇ ಯಂತ್ರ ರಿಪೇರಿ ಮಾಡಿಸಬೇಕು ತಾನೇ? ಊಹೂಂ, ಪಟ ಬದಲಾಗಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಟವೆಲ್ ವಿಭಾಗದ ಬಣ್ಣದ ಮೇಸ್ತ್ರಿ ಆಕೆಯ ಭಾವ, ಗಂಡನ ಅಣ್ಣ. ಗಂಡ ತೀರಿಕೊಂಡಾಗ ಆಕೆಯನ್ನೂ ಪುಟ್ಟ ಮಗಳನ್ನೂ ತನ್ನ ಮನೆಗೆ ಕರೆತಂದು, ಮ್ಯಾನೇಜರ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವನು ಅವನೇ. ಈಗ ಐವತ್ತೆರಡರಲ್ಲಿ ಅವನಿಗೆ ಇನ್ನೊಂದು ಗಿರಣಿಯಿಂದ ಕರೆ ಬಂದಿತ್ತು. ಉತ್ತರ ಹೇಳಲು ಶುಕ್ರವಾರ ಕೊನೆ. ಇಲ್ಲಿಯ ಹೊಸ ಪಟ ಹೊರಬೀಳುವುದು ಸೋಮವಾರ.

"ಅಲ್ಲೀವರೆಗೆ ಒಂದಕ್ಷರ ಹೊರಗೆ ಹೋದ್ರೆ, ಮೊದಲು ಹಾರೋದು ನಿಮ್ಮ ಡಬ್ಬಿ," ಎಂದು ಮ್ಯಾನೇಜರ್ ಆಕೆಗೆ ಹೇಳಿದ್ದರು.

ಗುರುವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಭಾವ ಕೇಳಿದ. ಅವನ ಉಗುರುಗಳು ಎಂದಿನಂತೆ ನೀಲಿ.

"ಬೇರೆ ಏನೂ ಹೇಳ್ಬೇಡಮ್ಮ. ನಂದಿದೆಯೋ ಇಲ್ವೋ, ಅಷ್ಟೇ."

ಆಕೆ ಅಂದು ಮಧ್ಯಾಹ್ನವಷ್ಟೇ ಪಟ ಮುಗಿಸಿದ್ದಳು. ಸರಕಿನ ಪ್ರಕಾರವೇ ಇತ್ತು. ಇಬ್ಬರು ಬಣ್ಣದ ಮೇಸ್ತ್ರಿಗಳು, ಎರಡು ಡಬ್ಬಿ.

"ಇದೆ ಭಾವ," ಎಂದಳು. ಎದೆ ಹಗುರಾಯಿತು. ಹದಿನಾರು ವರ್ಷದ ಋಣದಲ್ಲಿ ಒಂದು ಹಿಡಿಯಾದರೂ ತೀರಿತು ಅನ್ನಿಸಿತು.

ಶುಕ್ರವಾರ ಊಟದ ಬಿಡುವು ಮುಗಿಯುತ್ತಲೇ ಮ್ಯಾನೇಜರ್ ಪೆನ್ಸಿಲ್ ಹಿಡಿದು ಬಂದರು. "ಮಾಲೀಕರು ಮನಸ್ಸು ಬದಲಾಯಿಸಿದ್ರು. ಮತ್ತೆ ಕೆಲಸದ ಪ್ರಕಾರ. ಬಣ್ಣಕ್ಕೆ ಒಬ್ಬನೇ ಮೇಸ್ತ್ರಿ, ಹೊದಿಕೆಯವನು ಇರ್ತಾನೆ. ಟವೆಲ್ಲಿನವನ ಡಬ್ಬಿ ಅಳಿಸಿ."

ಅವರೆದುರೇ ಅಳಿಸಿದಳು. ಅವರು ಅತ್ತ ಹೋದದ್ದೇ ತಡ, ಬಣ್ಣದ ಶೆಡ್ಡಿಗೆ ಓಡಿದಳು. ಭಾವ ತೊಟ್ಟಿಯ ಪಕ್ಕ ಕೈ ಒರೆಸಿಕೊಳ್ಳುತ್ತಿದ್ದ.

"ಆ ಗಿರಣಿಗೆ ಬೆಳಿಗ್ಗೇನೇ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ," ಎಂದು ನಕ್ಕ. "ಅವರೂ ಕೈಯಲ್ಲಿದ್ದ ಇನ್ನೊಬ್ಬನ್ನ ಆಗಲೇ ತಗೊಂಡ್ರಂತೆ. ಪೀಡೆ ಕಳೀತು. ಯಾಕಮ್ಮ, ಏನಾದ್ರೂ ಬೇಕಿತ್ತಾ?"

"ಏನಿಲ್ಲ," ಎಂದು ವಾಪಸು ಬಂದಳು.

ಆಮೇಲಿನ ಎರಡು ದಿನ ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಇರುವುದು ಎರಡೇ ಕೋಣೆ, ಯಾವ ಕಡೆ ತಿರುಗಿದರೂ ಭಾವ. ಅವನು ಹಳೇ ಕಪಾಟಿಗೆ ಬಣ್ಣ ಬಳಿಯುತ್ತ, ಎಂದೂ ಹಾಡದವನು, ಗುನುಗುತ್ತಿದ್ದ. "ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ," ಎಂದು ಓರಗಿತ್ತಿ ಬೆನ್ನು ತಟ್ಟಿದಳು. ತಾನು ಹೇಳಿದ್ದು ಸುಳ್ಳಾಗಿದ್ದರೆ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬಹುದಿತ್ತು. ನಿಜ ಹೇಳಿ ಮನೆ ಮುರಿದವಳು ಏನೆಂದು ಕ್ಷಮೆ ಕೇಳಬೇಕು?

ಭಾನುವಾರ ಮಧ್ಯಾಹ್ನ, ಓರಗಿತ್ತಿ ಹೊರಗೆ ಹೋದಾಗ, ಎಲ್ಲವನ್ನೂ ಹೇಳಿಬಿಟ್ಟಳು. ಭಾವ ಬ್ರಶ್ಶನ್ನು ಡಬ್ಬದ ಅಂಚಿಗೆ ಒರೆಸಿದ. ಮತ್ತೊಮ್ಮೆ ಒರೆಸಿದ.

"ನೀನು ಹೇಳ್ದಾಗ ಇತ್ತಲ್ಲ?"

"ಇತ್ತು ಭಾವ."

"ಮತ್ತೆ ನೀನೇನು ಮಾಡ್ತೀಯ."

"ನಾಳೆ ನಾನೂ ಕೆಲಸ ಬಿಡ್ತೀನಿ. ಆ ಪಟ ನನ್ನ ಕೈಯಿಂದ ಅಂಟಿಸಕ್ಕಾಗಲ್ಲ."

ಅವನು ಮೊದಲ ಸಲ ಆಕೆಯ ಮೇಲೆ ದನಿ ಎತ್ತಿದ. "ಹುಚ್ಚಿಯ ಹಾಗೆ ಆಡ್ಬೇಡ! ಇನ್ಮೇಲೆ ಈ ಮನೆ ನಡೆಯೋದು ನಿನ್ನ ಸಂಬಳದಲ್ಲೇ. ನನಗೆ ಮೊದಲೇ ಹೇಳಿದ್ದೆ ಅಂತ ಯಾರ ಹತ್ರಾನೂ ಉಸಿರೆತ್ತಬೇಡ."

ಸೋಮವಾರ ಏಳೂವರೆಗೆ ಆಕೆ ಫಲಕದ ಮುಂದೆ ಪಟ ಬಿಚ್ಚಿದಳು. ಬಿಗಿಯಾಗಿ ಸುತ್ತಿಟ್ಟಿದ್ದ ಕಾಗದ ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಹಿಂದಿನಿಂದ ಎರಡು ಕೈ ಬಂದು ಅದರ ಕೆಳಗಿನ ಅಂಚನ್ನು ಫಲಕಕ್ಕೆ ಒತ್ತಿ ಹಿಡಿದವು. ಉಗುರು ನೀಲಿ.

"ಅಂಟಿಸಮ್ಮ," ಎಂದ ಭಾವ, "ಜನ ಬರೋ ಹೊತ್ತಾಯ್ತು."