ನಮ್ಮ ಬೇಲಿಯ ಗೌರಿ ಹೂವು

ನಮ್ಮ ಬೇಲಿಯ ಗೌರಿ ಹೂವಿನ ಬಳ್ಳಿಯನ್ನು ಸಾಯಿಸಿದ್ದು ನನ್ನ ಮಗ. ಮಳೆ ಹೆಚ್ಚಾಗಿ ಬುಡ ಕೊಳೆಯಿತು ಅಂತ ಊರಲ್ಲಿ ಹೇಳಿಕೊಂಡು ತಿರುಗಿದ. ಅದು ಸುಳ್ಳು. ಬೇಕೂಂತ ಮಾಡಲಿಲ್ಲ ಅನ್ನುವುದು ಮಾತ್ರ ನಿಜ.

ನಾನು ಈ ಮಧುರೆ ಹೋಬಳಿಗೆ ಸೊಸೆಯಾಗಿ ಬಂದಾಗ ಈ ಹೂವು ಎಲ್ಲರ ಹೊಲದ ಬೇಲಿಯಲ್ಲೂ ಇತ್ತು. ಕತ್ತಾಳೆ, ಕಳ್ಳಿ ಹಿಡಿದು ಮೇಲೇರುವ ಬಳ್ಳಿ. ಎಲೆಯ ತುದಿಯೇ ಸುರುಳಿ ಸುತ್ತಿ ಹಿಡಿದುಕೊಳ್ಳುತ್ತದೆ. ಹೂವು ಬುಡದಲ್ಲಿ ಹಳದಿ, ಮೇಲೆ ಕೆಂಪು, ಒಲೆಯ ಉರಿಯ ಹಾಗೆ. ಗೆಡ್ಡೆ ವಿಷ. ದನ ಬಳ್ಳಿಯನ್ನು ಮೂಸುವುದೂ ಇಲ್ಲ. ಗೌರಿ ಹಬ್ಬದ ಕಳಶಕ್ಕೆ ನಮ್ಮ ಮನೆಯಲ್ಲಿ ಇದೇ ಹೂವು ಆಗಬೇಕು, ಅದೂ ನಮ್ಮ ಹೊಲದ್ದೇ. ಕೊಂಡದ್ದು ನಡೆಯುವುದಿಲ್ಲ. ನಮ್ಮತ್ತೆ ಮಾಡಿದ ಕಟ್ಟಳೆ.

ಆಮೇಲೆ ಬೇಲಿಗಳೇ ಹೋದವು. ಮೂಡಲಿಗೆ ಗುಲಾಬಿ ಬೆಳೆಯುವ ಪಾಲಿಹೌಸ್ ಬಂತು, ಪಡುವಲಿಗೆ ಕಲ್ಲುಕಂಬ, ತಂತಿ. ತೆಂಕಲ ಬೇಲಿಯಲ್ಲಿ ಒಂದೇ ಒಂದು ಬಳ್ಳಿ ಉಳಿದಿತ್ತು.

ಈ ಸಲ ರಾಗಿಗೆ ಕಳೆ ಔಷಧಿ ಹೊಡೆಯುವ ಮುಂಚೆ, ಬೇಲಿಗೆ ಹೊಡೆಯಬೇಡ ಅಂತ ಮಗನಿಗೆ ಹೇಳಿದೆ. ಆಯ್ತು ಅಂದ. ವಾರದೊಳಗೆ ಬಳ್ಳಿಯ ಎಲೆ ಮುರುಟಿ ಮೊಗ್ಗೆಲ್ಲ ಉದುರಿದವು.

"ಬೇಲಿಗೆ ಹೊಡ್ದಿಲ್ಲ ಕಣವ್ವ. ಔಷಧಿ ಕ್ಯಾನ್ ತೊಳೆದ ನೀರು ಚೆಲ್ದೆ ಅಷ್ಟೆ," ಅಂದ.

"ಎಲ್ಲಿ ಚೆಲ್ದೆ?"

"ಆ ಬಳ್ಳಿ ಮೇಲೆ. ಅದಕ್ಕೆ ದನ ಬಾಯಿ ಹಾಕಲ್ಲ ಅಂತ ನೀನೇ ಹೇಳಿದ್ದಲ್ಲ."

ದನದ ಬಗ್ಗೆ ಅವನು ಯೋಚಿಸಿದ್ದು ಸರಿಯೇ. ರಾತ್ರಿ ಊಟಕ್ಕೆ ಕೂತಾಗ, ಮುಂದಿನ ವರ್ಷ ಔಷಧಿಯೇ ಬೇಡ ಅಂದೆ. ಒಳಗಿಂದ ಸೊಸೆ ಕೇಳಿದಳು, "ಹಂಗಾರೆ ಕಳೆ ನೀವೇ ಕೀಳ್ತೀರಾ ಅತ್ತೆ?"

ಬೆಳಗಾದರೆ ಊರಿನ ಹೆಂಗಸರೆಲ್ಲ ಕಾರ್ಖಾನೆಯ ವ್ಯಾನು ಹತ್ತುತ್ತಾರೆ, ಕೂಲಿಗೆ ಯಾರೂ ಸಿಗುವುದಿಲ್ಲ. ನಾನು ಕುಕ್ಕರುಗಾಲಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಔಷಧಿ ಬಿಟ್ಟರೆ ರಾಗಿಯಿಲ್ಲ, ತಟ್ಟೆಯಲ್ಲಿದ್ದ ಮುದ್ದೆಯೂ ಅದೇ ಹೊಲದ್ದು. ಮುದ್ದೆ ಮುರಿದೆ.

ಹಬ್ಬದ ದಿನ ಸೊಸೆ ಪಾಲಿಹೌಸಿನಿಂದ ಗುಲಾಬಿ ತಂದಳು. ಉದ್ದ ಕಡ್ಡಿ ಮುರಿದು ಕಳಶಕ್ಕೆ ಸಿಕ್ಕಿಸಿದಳು. ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ಮುಗಿಯದೆ ಎಲ್ಲಿಗೆ ಹೋಗಲಿ?

ಮಾರನೆಯ ಬೆಳಿಗ್ಗೆ ಗುದ್ದಲಿ ಹಿಡಿದು ಬೇಲಿಗೆ ಹೋದೆ. ಅಗೆದು ನೋಡಿದರೆ ಗೆಡ್ಡೆಯ ಒಂದು ಕವಲು ಕೊಳೆತು ನೀರಾಗಿತ್ತು, ಇನ್ನೊಂದು ಗಟ್ಟಿಯಿತ್ತು. ಬೇಲಿಯಲ್ಲೇ ಬಿಟ್ಟರೆ ಮತ್ತೆ ಔಷಧಿ. ಮನೆಯಂಗಳ ಪೂರ್ತಿ ಸಿಮೆಂಟು. ಕೊಟ್ಟಿಗೆ ಹತ್ತಿರ ಮಕ್ಕಳು ಆಡುತ್ತವೆ, ವಿಷದ ಗೆಡ್ಡೆ ನೆಡುವ ಹಾಗಿಲ್ಲ. ಹೊಲದ ಮೂಲೆಯಲ್ಲಿ ನಮ್ಮ ಯಜಮಾನರನ್ನು ಮಣ್ಣು ಮಾಡಿದ ಜಾಗವಿದೆ. ಅಪ್ಪನ ಮೇಲೆ ಔಷಧಿ ಹೊಡೆಯಲು ಮಗನಿಗೆ ಕೈ ಬರುವುದಿಲ್ಲ. ಅಲ್ಲೇ, ತಲೆಯ ಕಡೆ, ಗೆಡ್ಡೆ ಹೂತು, ಮೇಲೆ ಜಾಲಿಮುಳ್ಳು ಮುಚ್ಚಿ ಬಂದೆ.