ರಾಗಿಹುಲ್ಲಿನ ಕರು

ನಾನು ಬರೆದ ಮಕ್ಕಳ ಕಾದಂಬರಿಯಲ್ಲಿ ಒಬ್ಬ ಒಂಟಿ ಹುಡುಗಿ, ಅವಳ ಜೊತೆಗೊಂದು ಎಮ್ಮೆಗರು. ಕರುವಿನ ಹಣೆಯ ಮೇಲೆ ಬಿಳಿ ಚುಕ್ಕೆ. ಅದಕ್ಕೆ ಹುಡುಗಿಯ ಮಾತೆಲ್ಲ ಅರ್ಥವಾಗುತ್ತದೆ. ಕೆರೆಗೆ ಬಿದ್ದವಳನ್ನು ಅದೇ ದಡಕ್ಕೆ ಎಳೆದು ತರುತ್ತದೆ. ಓದಿದ ಮಕ್ಕಳು ಸಿಕ್ಕಾಗಲೆಲ್ಲ, ಆ ಕರು ನಿಜವಾಗಿಯೂ ಇತ್ತಾ ಎಂದು ಕೇಳುತ್ತಾರೆ. ಇತ್ತು. ಆದರೆ ನಲವತ್ತರ ದಶಕದಲ್ಲಿ ಜಡಿಗೇನಹಳ್ಳಿಯ ನಮ್ಮ ಮನೆಯಲ್ಲಿದ್ದ ಕರು ಯಾರನ್ನೂ ದಡ ಸೇರಿಸುವ ಸ್ಥಿತಿಯಲ್ಲಿರಲಿಲ್ಲ. ಅದರ ಹೊಟ್ಟೆಯೊಳಗೆ ಇದ್ದದ್ದು ರಾಗಿಹುಲ್ಲು.

ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಉಳಿದವರು ಅಪ್ಪ, ಅಪ್ಪನ ತಾಯಿ, ನಾನು. ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಅಪ್ಪ ಇದ್ದಬದ್ದ ಮಾತನ್ನೆಲ್ಲ ಹೊಲದಲ್ಲಿ ಎತ್ತುಗಳ ಜೊತೆ ಆಡಿ ಮುಗಿಸಿ ಮನೆಗೆ ಬರುತ್ತಿದ್ದ. ಅಜ್ಜಿಗೆ ಮಾತು ಧಾರಾಳ, ಆದರೆ ಎಲ್ಲವೂ ಬೈಗುಳ. ನನಗೆ ಅಕ್ಕ ತಂಗಿ ಅಣ್ಣ ತಮ್ಮ ಯಾರೂ ಇರಲಿಲ್ಲ.

ಆ ವರ್ಷ ಎಮ್ಮೆ ಈದದ್ದು ಗಂಡುಕರು. ಹೆಣ್ಣು ಹುಟ್ಟಿದರೆ ನಿಟ್ಟುಸಿರು ಬಿಡುವ ಊರಿನಲ್ಲಿ ಕೊಟ್ಟಿಗೆಗೆ ಮಾತ್ರ ಬೇರೆ ಕಾನೂನು. ಗಂಡುಕರುವಿಗೆ ಹಾಲು ಬಿಡುವುದೆಂದರೆ ನಾಲಿಗೆಗೆ ತೋರಿಸಿ ಎಳೆದು ಕಟ್ಟುವುದು. ನಮಗೆ ಹೆಚ್ಚು ತೊಂದರೆ ಕೊಡದೆ ಅದು ಒಂದು ಬೆಳಿಗ್ಗೆ ಸತ್ತುಬಿದ್ದಿತ್ತು.

ಕರು ಸತ್ತರೆ ಎಮ್ಮೆ ಹಾಲಿಳಿಸುವುದಿಲ್ಲ. ಅದಕ್ಕೆ ಊರಲ್ಲಿ ಒಂದು ಉಪಾಯ ರೂಢಿಯಲ್ಲಿತ್ತು. ಸತ್ತ ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ, ದಬ್ಬಣದಲ್ಲಿ ಹೊಲಿದು ತಾಯಿಯ ಮುಂದೆ ಇಡುವುದು. ಮೇಲೆ ಉಪ್ಪುನೀರು ಚಿಮುಕಿಸಿದರೆ ತಾಯಿ ಅದನ್ನು ನೆಕ್ಕುತ್ತ ನಿಲ್ಲುತ್ತದೆ, ಹಾಲು ಇಳಿಯುತ್ತದೆ. ಹೊತ್ತುಹೊತ್ತಿಗೆ ಹುಲ್ಲಿನ ಕರುವನ್ನು ತಂದಿಡುವುದು, ಹಾಲು ಕರೆದಾದ ಮೇಲೆ ಒಯ್ಯುವುದು ನನ್ನ ಕೆಲಸವಾಯಿತು.

ನಾನು ಅದನ್ನು ಜಗಲಿಗೆ ಒಯ್ಯುತ್ತಿದ್ದೆ. ಮಗ್ಗಿ ಒಪ್ಪಿಸುತ್ತಿದ್ದೆ, ಅಜ್ಜಿಯ ಮೇಲೆ ಚಾಡಿ ಹೇಳುತ್ತಿದ್ದೆ, ಅವ್ವ ನೆನಪಾದರೆ ಅದರ ಕತ್ತು ತಬ್ಬಿ ಅಳುತ್ತಿದ್ದೆ. ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರು ಆಮೇಲೆ ಯಾರೂ ಸಿಕ್ಕಿಲ್ಲ, ನನ್ನ ಯಜಮಾನರನ್ನೂ ಸೇರಿಸಿ. ಮಧ್ಯಾಹ್ನ ಅದರ ಮೇಲೆ ಒರಗಿ ನಿದ್ದೆ ಮಾಡುತ್ತಿದ್ದೆ. ಹಾಗೆ ಒರಗಿ ಒರಗಿಯೇ ಹೊಟ್ಟೆಯ ಹೊಲಿಗೆ ಬಿಟ್ಟಿತು.

ಅಂದು ಸಂಜೆ ಎಮ್ಮೆ ಬೆನ್ನು ನೆಕ್ಕಿತು, ಕತ್ತು ನೆಕ್ಕಿತು, ಹೊಟ್ಟೆಯ ಹತ್ತಿರ ಬಂದು ಸ್ವಲ್ಪ ಮೂಸಿ ಹುಲ್ಲು ಎಳೆಯಿತು. ಅಜ್ಜಿ ಹಾಲು ಕರೆದು ತಲೆಯೆತ್ತುವಷ್ಟರಲ್ಲಿ ಕರು ಅರ್ಧ ಖಾಲಿ. ನಾನು ಗೊಳೋ ಎಂದು ಅತ್ತೆ. ತಾಯಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ತಿಂದಿದ್ದು ಅದು, ಅಳೋಳು ನೀನು. ಚೆನ್ನಾಗೈತೆ ಕಣೆ ನಿಮ್ಮಿಬ್ರ ಸಂಸಾರ," ಅಂದಳು ಅಜ್ಜಿ.

ಅಪ್ಪ ಮತ್ತೆ ಹುಲ್ಲು ತುಂಬಿ ಹೊಲಿದ. ಆದರೆ ಒಳಗೇನಿದೆ ಎಂದು ಎಮ್ಮೆಗೆ ಗೊತ್ತಾಗಿಹೋಗಿತ್ತು. ಎದುರಿಗಿಟ್ಟ ಕೂಡಲೇ ನೇರ ಹೊಟ್ಟೆಗೇ ಬಾಯಿ ಹಾಕಿತು. ಕರುವನ್ನು ಕಿತ್ತುಕೊಂಡರೆ ಹಾಲು ಏರಿಸಿಕೊಂಡಿತು, ಅಜ್ಜಿಯ ಚೊಂಬನ್ನು ಒದೆಯಿತು. ಹೀಗೇ ಕೆಲವು ದಿನ ಕಳೆದ ಮೇಲೆ ಅಪ್ಪ ಹಗ್ಗ ತೆಗೆದುಕೊಂಡ.

"ನಾಳೆ ಹೊಸಕೋಟೆ ಸಂತೆಗೆ ಹೊಡ್ಕೊಂಡ್ ಹೋಗ್ತೀನಿ. ಹಾಲಿಲ್ದಿರೋ ಎಮ್ಮೆ ಇಟ್ಕೊಂಡು ಏನ್ ಮಾಡೋದು?"

ಅಪ್ಪ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಕೇಳಿಯೇ ನನಗೆ ಗಾಬರಿಯಾಯಿತು. ಅವ್ವ ಹೋದಳು, ಕರು ಹೋಯಿತು, ಈಗ ಎಮ್ಮೆಯೂ ಹೋದರೆ ನಾನು ಬಂದದ್ದು ಕಂಡು ತಲೆಯೆತ್ತಿ ನೋಡುವ ಜೀವವೇ ಆ ಮನೆಯಲ್ಲಿ ಇರುವುದಿಲ್ಲ ಎಂದು ಭಯವಾಯಿತು.

ಸಂಜೆ ಹಾಲು ಕರೆಯುವ ಹೊತ್ತಿಗೆ ನಾನು ತೊಗಲಿನ ಹೊಲಿಗೆ ಬಿಚ್ಚಿ, ಹುಲ್ಲನ್ನೆಲ್ಲ ಕೊಡವಿ, ಅದನ್ನು ಬೆನ್ನ ಮೇಲೆ ಹೊದ್ದುಕೊಂಡೆ. ಉಪ್ಪುನೀರನ್ನು ಮೈಮೇಲೆ ಸುರಿದುಕೊಂಡು ಎಮ್ಮೆಯ ಮುಂದೆ ಅಂಬೆಗಾಲೂರಿ ನಿಂತೆ. ಚೊಂಬು ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

"ಏನೇ ಇದು ವೇಷ?"

"ನನ್ನೊಳಗೆ ಹುಲ್ಲಿಲ್ಲ ಕಣಜ್ಜಿ. ತಿನ್ನಕ್ಕಾಗಲ್ಲ."

ಅಜ್ಜಿ ಬಂದು ಕೆಚ್ಚಲ ಬಳಿ ಕೂತಳು. ಎಮ್ಮೆ ನನ್ನನ್ನು ಮೂಸಿತು. ತೊಗಲನ್ನು ಒಂದೆರಡು ಸಲ ನೆಕ್ಕಿ, ಅಲ್ಲಿಗೆ ಬಿಟ್ಟು, ನನ್ನ ಕತ್ತು, ಕಿವಿ, ತಲೆಗೂದಲು ನೆಕ್ಕತೊಡಗಿತು. ಒರಟು ನಾಲಿಗೆ, ಚರ್ಮ ಉರಿಯಿತು. ಸ್ವಲ್ಪ ಹೊತ್ತಿಗೆ ಚೊಂಬಿನಲ್ಲಿ ಹಾಲಿನ ಸದ್ದು ಕೇಳಿಸಿತು. ಇಣುಕಿ ನೋಡಿದ ಅಪ್ಪ ಹಗ್ಗವನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ ಹೊರಟುಹೋದ.

ಕಾದಂಬರಿಯಲ್ಲಿ ಈ ಸಂಗತಿ ಇಲ್ಲ. ಸತ್ತ ಕರುವಿನ ತೊಗಲು ಮಕ್ಕಳಿಗೆ ಬೇಡ, ಕೆರೆಯೇ ಇರಲಿ ಎಂದರು ಪ್ರಕಾಶಕರು. ಕೆರೆಗೆ ಬೀಳುವುದು ಮಕ್ಕಳಿಗೆ ಒಳ್ಳೆಯದಿರಬೇಕು.

ಅವ್ವ ಹೋದ ಮೇಲೆ ಆ ಸಂಜೆಯಷ್ಟು ಹೊತ್ತು ಯಾರೂ ನನ್ನ ಮೈ ಮುಟ್ಟಿರಲಿಲ್ಲ. ಏಳಲು ಮನಸ್ಸಾಗಲಿಲ್ಲ. ಚೊಂಬಿನ ಸದ್ದು ನಿಂತಿತು, ಹಾಲು ಮುಗಿದಿತ್ತು. ಈಗ ಅಜ್ಜಿ ಬೈದು ಎಬ್ಬಿಸುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೇ ಕಾದೆ. ಅವಳು ಎಬ್ಬಿಸಲಿಲ್ಲ. ಓರೆಗಣ್ಣಲ್ಲಿ ನೋಡಿದರೆ, ತುಂಬಿದ ಚೊಂಬನ್ನು ಗೋಡೆಯ ಪಕ್ಕಕ್ಕಿಟ್ಟು ಎಮ್ಮೆಯ ಬಳಿ ಬರಿಗೈಯಲ್ಲಿ ಕೂತಿದ್ದಳು.

"ಇನ್ನೂ ಒಂಚೂರು ಐತೆ," ಅಂದಳು. "ಅಲ್ಲೇ ಇರು."