ಲಂಡನ್ನಿನ ನಟಿಗೆ ಸಿಕ್ಕ ಕ್ಷಮೆ

ರೆಕ್ಸ್‌ಡೇಲಿನ ಇಂಡಿಯನ್ ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೀರಲ್ಲಿ ನೆನೆಸಿ ಮೆಲ್ಲಗೆ ಒತ್ತಿದರೆ, ಕಾಳು ಪುಳಕ್ಕನೆ ಜಾರಿ ಬೆತ್ತಲಾಗಿ ಬಟ್ಟಲಿಗೆ ಬೀಳುತ್ತದೆ. ಸಿಪ್ಪೆ ಮಾತ್ರ, ಯಾರೋ ಬಿಚ್ಚಿಟ್ಟ ಅಂಗಿಯಂತೆ, ಬೆರಳಿಗೆ ಅಂಟಿಕೊಂಡಿರುತ್ತದೆ. ಹಾಗೆ ಹಿದುಕುತ್ತ, ಪಕ್ಕದಲ್ಲಿಟ್ಟ ಫೋನಿನಲ್ಲಿ ಸುದ್ದಿ ಓದುತ್ತ ಕೂತಿದ್ದಾಗಲೇ, ಸ್ನೇಹಿತರೇ, ನನಗೆ ಲಂಡನ್ನಿನ ಒಬ್ಬ ನಟಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು. ಅವಳ ರೂಪಕ್ಕಲ್ಲ, ಮುತ್ತಿನ ಓಲೆಗೂ ಅಲ್ಲ. ಅವಳ ಖಾಸಗಿ ದುಃಖವನ್ನು ಅಚ್ಚುಹಾಕಿದ್ದ ಪತ್ರಿಕೆ, ಅವಳು ಹೂಡಿದ ದಾವೆಯಲ್ಲಿ ಕೊನೆಗೆ ರಾಜಿಗೆ ಬಂದು, ಅದರ ವಕೀಲರು ತುಂಬಿದ ನ್ಯಾಯಾಲಯದಲ್ಲಿ ಎದ್ದು ನಿಂತು, ಪ್ರಕಟಿಸಲೇಬಾರದಿತ್ತು, ಕ್ಷಮೆ ಕೋರುತ್ತೇವೆ ಎಂದು ಓದಿ ಹೇಳಿದರಂತೆ. ಊರೇ ಕೇಳುವ ಹಾಗೆ!

ನನಗೆ ಸಿಕ್ಕಿದ್ದು ಫೋನಿನಲ್ಲಿ ಒಂದು "ಸಾರಿ ಕಣೇ". ಹಾಗೆಂದವಳು ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಯ ಸಂಪಾದಕಿ, ಯೂನಿಯನ್‌ವಿಲ್ಲಿನ ಗೆಳತಿ ವನಜಾ. ಈ ಪರದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಾನು ಕೋಟುಗಳ ಕ್ಲಾಸೆಟ್ಟಿನೊಳಗೆ ಕೂತು ಅಳುತ್ತಿದ್ದುದನ್ನು ಅವಳೊಬ್ಬಳಿಗೇ ಹೇಳಿದ್ದೆ. 'ಸ್ಟೌಫ್‌ವಿಲ್ಲಿನ ಗೆಳತಿ' ಎಂದು ಹೆಸರು ಮರೆಸಿ ಅದನ್ನೇ ಬರೆದುಬಿಟ್ಟಳು. ಬಳಗದಲ್ಲಿ ಸ್ಟೌಫ್‌ವಿಲ್ಲಿನವಳು ನಾನೊಬ್ಬಳೇ! ಅಂದಿನಿಂದ ಮನೆಗೆ ಬಂದವರ ಕಣ್ಣು ನನಗಿಂತ ಮೊದಲು ಆ ಕ್ಲಾಸೆಟ್ಟಿನ ಬಾಗಿಲನ್ನು ಮಾತಾಡಿಸುತ್ತದೆ.

ಅವರೆ ಬದಿಗಿಟ್ಟು ಅವಳಿಗೆ ಫೋನು ಮಾಡಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೆಲುದನಿಯಲ್ಲೇ, "ನಿನ್ನ ಸಾರಿ ಫೋನಲ್ಲಿ ಬೇಡ ಕಣೇ ವನಜಾ. ಓದಿದವ್ರ ಮುಂದೆ ಹೇಳು" ಎಂದೆ.

ಸಂಕ್ರಾಂತಿಯ ಅರಿಸಿನ-ಕುಂಕುಮಕ್ಕೆ ನಮ್ಮಲ್ಲಿಗೆ ಎಲ್ಲರೂ ಬಂದರು. ವನಜಾ ಎಳ್ಳುಬೆಲ್ಲದ ಪೊಟ್ಟಣ ಹಿಡಿದೇ ಎದ್ದು ನಿಂತಳು. "ಇವಳನ್ನ ಕೇಳ್ದೇ ಇವಳ ವಿಷಯ ಮ್ಯಾಗಝೀನಲ್ಲಿ ಹಾಕ್ಬಿಟ್ಟೆ. ತಪ್ಪಾಯ್ತು. ಅದಕ್ಕೇ ಎಲ್ರ ಮುಂದೆ ಹೇಳ್ತಿದೀನಿ."

ನಾನು ನಟಿಯಂತೆ ಕತ್ತು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ, ಮೈಸೂರಿನಿಂದ ಈಚೆಗೆ ಬಂದ ಹೊಸ ಸೊಸೆಯೊಬ್ಬಳು, "ಅಯ್ಯೋ, ನಾನ್ ಓದೇ ಇಲ್ಲ! ಏನ್ ಬರ್ದಿದ್ರಿ ಆಂಟಿ?" ಎಂದಳು.

ಎಲ್ಲರೆದುರು ಕ್ಷಮೆ ಕೇಳಿಸುವುದೆಂದರೆ, ಗೊತ್ತಿಲ್ಲದವರಿಗೂ ಗಾಯದ ವಿಳಾಸ ಕೊಟ್ಟಂತೆ ಎಂಬುದು ಆಗ ಹೊಳೆಯಿತು. ಆ ನಟಿಗೂ ಹೀಗೇ ಆಗಿತ್ತೇ? ಕಥೆ ಹೇಳುವುದೆಂದರೆ ಊಟ ಬಿಡುವ ವನಜಾ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಹೇಳಹೊರಟಿದ್ದನ್ನು ಬಿಟ್ಟು ಆ ಸೊಸೆಯ ಕಡೆ ತಿರುಗಿದಳು.

"ಅದು ಅವಳ ವಿಷಯ ಕಣಮ್ಮ. ಹೇಳೋದಿದ್ರೆ ಅವಳೇ ಹೇಳ್ತಾಳೆ."

ಇಂಥ ಮಾತು ಆ ಲಂಡನ್ನಿನಾಕೆಗೆ ಸಿಕ್ಕಿರಲಿಕ್ಕಿಲ್ಲ. ಈಗ ಅವಳೇ ನನ್ನ ಮೇಲೆ ಹೊಟ್ಟೆಕಿಚ್ಚು ಪಡಲಿ. ಮರುದಿನ ಮತ್ತೆ ಅವರೆ ಹಿದುಕಲು ಕೂತವಳು ಅರ್ಧಕ್ಕೇ ನಿಲ್ಲಿಸಿ, ಉಳಿದವನ್ನು ಸಿಪ್ಪೆಯೊಂದಿಗೇ ಹುಳಿಗೆ ಹಾಕಿದೆ. ಬೇಯಲು ತುಸು ಹೆಚ್ಚು ಹೊತ್ತು ಹಿಡಿಯಿತು, ಅಷ್ಟೆ.